ಹಿತ್ತಿಲೂ ಅಡುಗೆಮನೆಯೂ: ನಮ್ಮ ಬಡಕುಟುಂಬಗಳ ಊಟದ ಪ್ರಶ್ನೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಪಾಠ)



ಶತಮಾನೋತ್ಸವದ ಈ ದಿನಗಳಲ್ಲಿ ದೇವಾಲಯದ ಗೋಪುರವನ್ನು ಕುರಿತೂ ಅದನ್ನು ಕಟ್ಟಿದ ಗುರುಗಳ ತ್ಯಾಗವನ್ನು ಕುರಿತೂ ಮಾತನಾಡಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಸಮಾಜಸೇವಾ ಸಮಿತಿಯವರಾದ ನಮಗೆ ವಹಿಸಿರುವುದು ಅಷ್ಟು ಎತ್ತರದ ವಿಷಯವಲ್ಲ. ಒಲೆ, ಮಡಕೆ, ಬಚ್ಚಲ ನೀರು, ಸೊಪ್ಪಿನ ಮಡಿ, ಇಷ್ಟೇ ನಮ್ಮ ಮಾತಿನ ಸಾಮಗ್ರಿ. ಆದರೆ ಈ ವಿಷಯ ಚಿಕ್ಕದೆಂದು ತಾವು ಭಾವಿಸಬಾರದೆಂದು ಮೊದಲೇ ವಿನಂತಿಸಿಕೊಳ್ಳುತ್ತೇವೆ. ನಮ್ಮ ಬಡಕುಟುಂಬಗಳಲ್ಲಿ ಇಂದು ಹೊಟ್ಟೆ ತುಂಬುತ್ತಿದೆ, ಮೈ ತುಂಬುತ್ತಿಲ್ಲ. ಈ ಎರಡರ ನಡುವಣ ಅಂತರವನ್ನು ಇನ್ನೊಂದು ಚೀಲ ಅಕ್ಕಿಯಿಂದ ಮುಚ್ಚಲಾಗದು ಎಂಬುದೇ ನಾವು ಇಂದು ಹೇಳಬೇಕೆಂದಿರುವ ಮಾತು.

ಬಳ್ಳಾರಿ ಸೀಮೆಯಲ್ಲಿ ಊಟದ ಮಾತೆತ್ತಿದರೆ ಬರದ ನೆನಪು ಬಾರದೆ ಇರದು. 1876ರಲ್ಲಿ ಮಳೆ ಹಿಂದೆಗೆದು, 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಆ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತ್ಯದ ಜಿಲ್ಲೆಗಳೊಳಗೆ ಅತಿ ಹೆಚ್ಚು ನೊಂದವುಗಳ ಸಾಲಿನಲ್ಲಿ ನಮ್ಮ ಜಿಲ್ಲೆಯೇ ಮುಂದಿತ್ತು. ಅನಂತಪುರವೂ ಆಗ ಬಳ್ಳಾರಿಯೊಳಗೇ ಸೇರಿತ್ತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಕರಗಿಹೋಗಿತ್ತು. ಆ ಕಾಲದ ಒಂದು ವಾದವನ್ನು ಇಲ್ಲಿ ಸ್ಮರಿಸುವುದು ಅವಶ್ಯ. 1877ರ ಆರಂಭದಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಿಗುವಷ್ಟು ಕೂಲಿ ಸಾಕೆಂದು ನಿರ್ಣಯಿಸಿದ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಅಷ್ಟು ಧಾನ್ಯವನ್ನಷ್ಟೇ ನೆಚ್ಚಿ ದುಡಿಯುವ ದೇಹ ಉಳಿಯಲಾರದು ಎಂಬುದು ಅವನ ವಾದದ ಸಾರ. ಕೆಲವೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರೊಳಗೆ ಎಷ್ಟೋ ಜೀವಗಳು ಹೋಗಿದ್ದವು. ಹೊಟ್ಟೆಯನ್ನು ತೂಕದಿಂದ ಅಳೆಯುವವರೂ ಊಟವನ್ನು ಸತ್ತ್ವದಿಂದ ಅಳೆಯುವವರೂ ನಮ್ಮ ಮಣ್ಣಿನ ಮೇಲೆಯೇ ಅಂದು ಎದುರುಬದುರಾದರು. ಆ ವಾದ ಇನ್ನೂ ಮುಗಿದಿಲ್ಲ.

ಇಂದಿನ ಸ್ಥಿತಿ ಅಂದಿನದಲ್ಲ, ದೇವರಿಗೆ ಸ್ತೋತ್ರ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಇಳಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಎರೆಹೊಲಗಳು ಬತ್ತದ ಗದ್ದೆಗಳಾದವು. ನೀರಿದ್ದ ಕಡೆ ಜೋಳ, ನವಣೆ, ಸಜ್ಜೆಗಳು ಹಿಂದೆ ಸರಿದು ಬತ್ತ, ಹತ್ತಿ, ಮೆಣಸಿನಕಾಯಿಗಳು ಮುಂದೆ ಬಂದವು. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಂದಮೇಲೆ ಕೂಲಿಯವರ ಮನೆಯಲ್ಲೂ ಅಕ್ಕಿಗೆ ಕೊರತೆಯಿಲ್ಲದಂತಾಯಿತು. ಇದನ್ನು ಹಗುರವಾಗಿ ಕಾಣುವವರು ಹಸಿವನ್ನು ಕಂಡವರಲ್ಲ. ಆದರೂ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳಿದುದನ್ನು ಕೇಳಿ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಅದೇ ಕೊರತೆ. ಇದು ಇಡೀ ರಾಜ್ಯದ ಲೆಕ್ಕ. ಸಂಡೂರಿನ ಗುಡ್ಡಗಳಿಂದ ಲಾರಿಗಟ್ಟಲೆ ಕಬ್ಬಿಣದ ಅದಿರು ಹೊರನಾಡುಗಳಿಗೆ ಹೋದುದನ್ನು ಕಣ್ಣಾರೆ ಕಂಡವರು ನಾವು. ಅದೇ ಸೀಮೆಯ ತಾಯಂದಿರ ರಕ್ತದಲ್ಲಿ ಕಬ್ಬಿಣ ಸಾಲದು ಎಂಬುದು ವಿಚಿತ್ರವಾದರೂ ಸತ್ಯವಾದ ಸಂಗತಿ.

ಕೊಡುಗೆಯ ಆಹಾರದ ಅನುಭವವೂ ನಮ್ಮವರಿಗೆ ಹೊಸದಲ್ಲ. ಹಿರಿಯರಿಗೆ ನೆನಪಿರಬಹುದು: 1960ರ ದಶಕದಲ್ಲಿ ಕ್ಯಾಥೊಲಿಕ್ ರಿಲೀಫ್ ಸರ್ವೀಸಸ್ ಸಂಸ್ಥೆಯ ಮುಖಾಂತರ ಅಮೆರಿಕದ ಗೋಧಿ, ಹಾಲಿನ ಪುಡಿ, ಅಡುಗೆ ಎಣ್ಣೆ ಭಾರತದ ಅನೇಕ ಧರ್ಮಕೇಂದ್ರಗಳಿಗೆ ಬರುತ್ತಿದ್ದವು. ಶಾಲೆಗಳಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ಹಂಚುತ್ತಿದ್ದರು. ಆ ಉಪ್ಪಿಟ್ಟಿನ ವಾಸನೆಗಾಗಿಯೇ ಶಾಲೆಗೆ ಹೋದವರು ಇಂದಿನ ಅಜ್ಜ ಅಜ್ಜಿಯರಲ್ಲಿ ಅನೇಕರು. ಆ ಕಷ್ಟಕಾಲದಲ್ಲಿ ಅದು ಜೀವ ಉಳಿಸಿತು, ಕೃತಜ್ಞತೆಯಿಂದಲೇ ಸ್ಮರಿಸೋಣ. ಆದರೆ ಹಡಗಿನಲ್ಲಿ ಬಂದುದು ಹಡಗು ನಿಂತಾಗ ನಿಂತಿತು. ಹಾಲಿನ ಪುಡಿಯ ಡಬ್ಬಿಗಳು ಉಪ್ಪು ಹುಣಿಸೆ ತುಂಬಿಡಲು ಉಳಿದವು. ಹಿತ್ತಿಲ ನುಗ್ಗೆಮರ ಮಾತ್ರ ಯಾರ ಅಪ್ಪಣೆಗೂ ಕಾಯದೆ ಚಿಗುರುತ್ತಲೇ ಇತ್ತು.

ನಮ್ಮ ಹಳೆಯ ಊಟವನ್ನು ಸ್ವಲ್ಪ ಪರಿಶೀಲಿಸೋಣ. ಮೋಕದ ಸುತ್ತಲಿನ ಹಳ್ಳಿಗಳಲ್ಲಿ ಬಡವನ ಊಟವೆಂದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಇಲ್ಲವೆ ಶೇಂಗಾದ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ, ಇದ್ದರೆ ಮಜ್ಜಿಗೆ. ಹೊಲಕ್ಕೆ ಹೋದವಳು ಬರುವಾಗ ಮಡಿಲಲ್ಲಿ ಹಕ್ಕರಿಕೆಯನ್ನೋ ಗೋಣಿಸೊಪ್ಪನ್ನೋ ರಾಜಗಿರಿಯನ್ನೋ ಕಿತ್ತು ತರುತ್ತಿದ್ದಳು. ಇದಕ್ಕೆ ಕಾಸು ಬೇಕಿರಲಿಲ್ಲ. ಆದರೆ ಹಳೆಯದೆಲ್ಲವೂ ಹೊನ್ನು ಎಂದು ಹೇಳಲು ನಾವು ಬಂದಿಲ್ಲ. ಸೊಪ್ಪು ಕಾಳು ಹಾಲು ಯಾವುದೂ ಇಲ್ಲದೆ ವರ್ಷವಿಡೀ ಬರಿಯ ಜೋಳವನ್ನೇ ಉಂಡವರಿಗೆ ಚರ್ಮ ಸುಲಿದು ಬುದ್ಧಿ ಮಂಕಾಗುವ ಪೆಲ್ಲಾಗ್ರ ಎಂಬ ರೋಗ ಬರುತ್ತಿದ್ದುದನ್ನು ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾಕ್ಟರ್ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ 1960ರಲ್ಲಿ ಪ್ರಕಟಪಡಿಸಿದರು. ರೋಗಿಗಳು ದಖ್ಖಣದ ಬಡ ಕೂಲಿಯವರೇ. ಜೋಳ ಕೆಟ್ಟುದೆಂದು ಇದರ ಅರ್ಥವಲ್ಲ. ಜೋಳದ ಜೊತೆಗಿರಬೇಕಾದವು ತಪ್ಪಿಹೋಗಿದ್ದವು. ಇಂದು ಜೋಳದ ಸ್ಥಾನದಲ್ಲಿ ಬಿಳಿ ಅಕ್ಕಿ ಬಂದಿದೆ, ತಪ್ಪಿಹೋದವು ತಪ್ಪಿಯೇ ಇವೆ. ಸ್ಥಿತಿ ಇನ್ನಷ್ಟು ಕಠಿಣವಾಗಿದೆ ಎಂದರೂ ಸಲ್ಲುತ್ತದೆ, ಏಕೆಂದರೆ ನೂರು ಗ್ರಾಂ ಸಜ್ಜೆಯಲ್ಲಿ ಆರು ಮಿಲಿಗ್ರಾಂ, ಜೋಳದಲ್ಲಿ ಸುಮಾರು ನಾಲ್ಕು ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಪಾಲಿಶ್ ಮಾಡಿದ ಸಾದಾ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಸಹ ಇಲ್ಲ.

ಅದೇ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳ ಪ್ರಕಾರ ಒಬ್ಬ ವಯಸ್ಕನ ದಿನದ ತಟ್ಟೆಯಲ್ಲಿ ಸೊಪ್ಪು ತರಕಾರಿ ಸೇರಿ 400 ಗ್ರಾಂ ಇರಬೇಕು. ಐವರ ಮನೆಗೆ ದಿನಕ್ಕೆ ಸುಮಾರು ಎರಡು ಕಿಲೋ. ಕೂಲಿಯವಳು ಸಂತೆಯಿಂದ ವಾರಕ್ಕೊಮ್ಮೆ ತರುವುದನ್ನು ತಾವೇ ಕಂಡಿದ್ದೀರಿ: ಒಂದಿಷ್ಟು ಉಳ್ಳಾಗಡ್ಡಿ, ಆಲೂಗಡ್ಡೆ, ಟೊಮ್ಯಾಟೊ, ನಾಲ್ಕು ಬದನೆ. ಸೊಪ್ಪು ಎರಡನೆಯ ದಿನಕ್ಕೇ ಬಾಡುವುದರಿಂದ ಅದನ್ನು ಕೊಳ್ಳುವುದು ಕಡಿಮೆ. ಗುರುವಾರ ಶುಕ್ರವಾರದ ಹೊತ್ತಿಗೆ ಅನ್ನಕ್ಕೆ ಖಾರದ ನೀರು. ಮಗು ಹಟ ಮಾಡಿದರೆ ಅಂಗಡಿಯಿಂದ ಐದು ರೂಪಾಯಿಯ ಕುರುಕಲು ಪೊಟ್ಟಣ. ದಿನಕ್ಕೊಂದು ಪೊಟ್ಟಣವೆಂದರೆ ತಿಂಗಳಿಗೆ 150 ರೂಪಾಯಿ. ಈ ಹಣದಲ್ಲಿ ಎಷ್ಟು ಮೊಟ್ಟೆ ಬರುತ್ತವೆಂದು ಪ್ರತಿ ತಾಯಿಯೂ ಲೆಕ್ಕ ಹಾಕಲಿ.

ಇನ್ನು ಹಿತ್ತಿಲಿಗೆ ಬರೋಣ. ನಮ್ಮ ನೆಲವೂ ಹವೆಯೂ ಕೈತೋಟಕ್ಕೆ ಅಷ್ಟೇನೂ ಅನುಕೂಲವಲ್ಲ. ವರ್ಷದ ಮಳೆ ಸುಮಾರು 500 ಮಿಲಿಮೀಟರು, ಬೇಸಗೆಯ ಬಿಸಿಲು 40 ಡಿಗ್ರಿಯ ಮೇಲೆ. ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ನಮ್ಮ ಪಕ್ಕದ ಹಗರಿಯಲ್ಲಿ 1906ರಷ್ಟು ಹಿಂದೆಯೇ ಒಣಬೇಸಾಯದ ಸಂಶೋಧನಾ ಕೇಂದ್ರ ಏರ್ಪಟ್ಟುದು ಈ ಮಣ್ಣಿನ ಕಠಿಣತೆಗೆ ಸಾಕ್ಷಿ. ಆದರೂ ಮಣ್ಣು ಬಂಜೆಯಲ್ಲ. ಮಡಿಯನ್ನು ಒಂದು ಗೇಣು ಎತ್ತರಿಸಿ, ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಬೆರೆಸಿದರೆ ನೀರು ನಿಂತು ಬೇರು ಕೊಳೆಯುವುದು ತಪ್ಪುತ್ತದೆ. ಪಪ್ಪಾಯಿ ನೆಡುವವರಿಗೆ ಇದು ಬಹು ಮುಖ್ಯ, ಬುಡದಲ್ಲಿ ನೀರು ನಿಂತರೆ ಪಪ್ಪಾಯಿ ಉಳಿಯದು. ಆಡು ಕುರಿ ಕೋಳಿಗಳ ಕಾಟಕ್ಕೆ ಬೇಲಿ ಬೇಕು. ಹೊರದೇಶದಿಂದ ಬಂದು ನಮ್ಮ ಊರಿನ ಹೆಸರನ್ನೇ ಹೊತ್ತು ಮೆರೆಯುತ್ತಿರುವ ಬಳ್ಳಾರಿ ಜಾಲಿಯ ಮುಳ್ಳು ಇಷ್ಟಾದರೂ ನಮಗೆ ಉಪಕಾರ ಮಾಡಲಿ!

ಏನನ್ನು ಬೆಳೆಯಬೇಕು? ಪೇಟೆಯ ಪುಸ್ತಕಗಳಲ್ಲಿ ಹೂಕೋಸು, ಕ್ಯಾರೆಟ್ ಎಂದು ಪಟ್ಟಿ ಇರುತ್ತದೆ. ನಮಗೆ ಅದು ಬೇಡ. ಮೊದಲು ನುಗ್ಗೆ. ಬರಕ್ಕೆ ಬಗ್ಗದ ಮರ, ಒಮ್ಮೆ ಬೇರೂರಿದರೆ ಹೆಚ್ಚು ನೀರು ಕೇಳದು. ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ ಸುಮಾರು 300 ಮಿಲಿಗ್ರಾಂ ಸುಣ್ಣಾಂಶ, ಸುಮಾರು 100 ಮಿಲಿಗ್ರಾಂ ಸಿ ಜೀವಸತ್ವ, ಆರು ಗ್ರಾಂ ಸಸಾರಜನಕ, ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲದ್ರವ್ಯ ಧಾರಾಳವಾಗಿ ಇವೆ. ನಮ್ಮ ಜನ ಕಾಯನ್ನು ಸಾರಿಗೆ ಹಾಕಿ ಸೊಪ್ಪನ್ನು ಆಡಿಗೆ ಹಾಕುತ್ತಾರೆ. ಆಡು ನಮಗಿಂತ ಬುದ್ಧಿವಂತ ಪ್ರಾಣಿ. ಅರಭಾವಿಯ ತೋಟಗಾರಿಕೆ ಕಾಲೇಜಿನವರು ಬಿಡುಗಡೆ ಮಾಡಿದ 'ಭಾಗ್ಯ' ಎಂಬ ತಳಿ ನೆಟ್ಟ ವರ್ಷದೊಳಗೇ ಕಾಯಿ ಬಿಡುತ್ತದೆ. ಮರ ಎತ್ತರಕ್ಕೆ ಹೋಗಲು ಬಿಡದೆ ಎದೆಯ ಮಟ್ಟಕ್ಕೆ ಸವರುತ್ತಿದ್ದರೆ ಹೆಂಗಸರ ಕೈಗೆ ಸೊಪ್ಪು ಎಟಕುತ್ತದೆ. ನುಗ್ಗೆಯ ಪಕ್ಕ ಒಂದು ಕರಿಬೇವು, ಒಂದು ಲಿಂಬೆ, ಜಾಗವಿದ್ದರೆ ಒಂದು ಪೇರಲ. ಕೆಳಗೆ ರಾಜಗಿರಿ, ಪುಂಡಿ, ಮೆಂತ್ಯ, ಬಸಳೆ. ರಾಜಗಿರಿ ಬಿತ್ತಿದ 25-30 ದಿನಕ್ಕೆ ಕೈಗೆ ಬರುತ್ತದೆ. ಪ್ರತಿ ಹತ್ತು ದಿನಕ್ಕೊಮ್ಮೆ ಒಂದೊಂದು ಸಾಲು ಬಿತ್ತುತ್ತ ಹೋದರೆ ಸಂತೆಗೂ ಸಂತೆಗೂ ನಡುವಣ ದಿನಗಳು ಬರಿದಾಗವು. ಮೊದಲ ಮಳೆಗೆ ಬೇಲಿಯುದ್ದಕ್ಕೂ ಹೀರೆ, ಸೋರೆ, ಹಾಗಲ, ಚವಳಿ. ಸೆಪ್ಟೆಂಬರಿನ ಮಳೆಗೆ ಮೆಂತ್ಯ, ಮೂಲಂಗಿ, ಕೊತ್ತಂಬರಿ, ಅವರೆ. ಎರಡು ನಾಟಿ ಕೋಳಿ ಸಾಕಲು ಆಗುವವರು ಸಾಕಲಿ. 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ಕೆಲವು ಹಿಂದುಳಿದ ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಆರಂಭವಾದಾಗ ಊರೂರಲ್ಲಿ ಚರ್ಚೆಯಾಯಿತು. ಮಕ್ಕಳು ಚರ್ಚೆ ಮಾಡದೆ ತಿಂದರು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಹಿತ್ತಿಲೇ ಇಲ್ಲದವರ ಗತಿಯೇನು? ಒಂದೇ ಕೋಣೆಯ ಮನೆ, ಎದುರಿಗೆ ಚರಂಡಿ, ಹಿಂದೆ ಇನ್ನೊಬ್ಬರ ಗೋಡೆ. ಕೈತೋಟದ ಉಪದೇಶ ಇಂಥವರ ಪಾಲಿಗೆ ಹಾಸ್ಯದಂತೆ ಕೇಳಿಸುವುದುಂಟು. ಪವಿತ್ರಗ್ರಂಥದಲ್ಲಿ ಅರಸ ಅಹಾಬನು ನಾಬೋತನ ದ್ರಾಕ್ಷಿತೋಟಕ್ಕೆ ಆಸೆಪಟ್ಟುದು ಕಾಯಿಪಲ್ಯದ ತೋಟ ಮಾಡುವುದಕ್ಕಾಗಿ ಎಂಬುದನ್ನು ತಾವು ಓದಿದ್ದೀರಿ. ಸೊಪ್ಪಿನ ಮಡಿಗೂ ನೆಲ ಬೇಕು, ನೆಲವಿರುವುದು ಬಲವಿದ್ದವರ ಬಳಿ. ಈ ಸತ್ಯವನ್ನು ಮರೆಮಾಚಿ ಬಡವರ ಸೋಮಾರಿತನವನ್ನು ದೂಷಿಸುವುದು ನ್ಯಾಯವಲ್ಲ. ನೆಲವಿಲ್ಲದವರು ಹರಿದ ಗೊಬ್ಬರದ ಚೀಲ, ಒಡೆದ ಕೊಡ, ತೂತಾದ ಬಕೆಟ್ಟುಗಳಲ್ಲಿ ಮಣ್ಣು ತುಂಬಿ ಮಾಳಿಗೆಯ ಮೇಲೆ ಮೆಂತ್ಯ, ಪುದೀನ, ರಾಜಗಿರಿ ಬೆಳೆಯಬಹುದು. ಬಸಳೆಯ ಬಳ್ಳಿಯನ್ನು ಕಿಟಕಿಗೆ ಹಬ್ಬಿಸಬಹುದು. ಆದರೆ ಒಂದು ಎಚ್ಚರಿಕೆಯನ್ನು ಬಲವಾಗಿ ಹೇಳಬೇಕಾಗಿದೆ. ನಮ್ಮದು ಹತ್ತಿ, ಮೆಣಸಿನಕಾಯಿಯ ಸೀಮೆ. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿ ಕ್ಯಾನುಗಳು ಬದುವಿನ ಮೇಲೆ ಬಿದ್ದಿರುತ್ತವೆ. ಅವನ್ನು ಎಷ್ಟು ತೊಳೆದರೂ ಗಿಡ ನೆಡಲು, ನೀರು ತುಂಬಿಡಲು ಬಳಸಕೂಡದು. ಔಷಧಿ ಹೊಡೆದ ಹೊಲದ ಬದುವಿನಿಂದ ಹಕ್ಕರಿಕೆ, ಗೋಣಿಸೊಪ್ಪು ಕಿತ್ತು ತರುವ ಹಳೆಯ ರೂಢಿಯನ್ನೂ ಬಿಡಬೇಕಾಗಿದೆ. ತಾಯಿಯ ಮಡಿಲಲ್ಲಿ ಬರುತ್ತಿದ್ದ ಉಚಿತ ಆಹಾರ ಹೀಗೆ ಸದ್ದಿಲ್ಲದೆ ವಿಷವಾದುದು ನಮ್ಮ ಕಾಲದ ಒಂದು ದೊಡ್ಡ ನಷ್ಟ. ಇದರ ಲೆಕ್ಕ ಯಾವ ಫಸಲಿನ ಲಾಭದಲ್ಲೂ ಕಳೆಯಲ್ಪಟ್ಟಿಲ್ಲ.

ನಮ್ಮದೇ ದಖ್ಖಣದಲ್ಲಿ, ಕರ್ನಾಟಕದ ಗಡಿಯಿಂದ ದೂರವಿಲ್ಲದ ಜಹೀರಾಬಾದಿನ ಸುತ್ತ ಈ ನಷ್ಟವನ್ನು ತಡೆದ ಹೆಂಗಸರಿದ್ದಾರೆ. ಅಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಬಹುಪಾಲು ದಲಿತ ಹೆಂಗಸರು. ಪಾಳುಬಿದ್ದ ತುಂಡು ಭೂಮಿಯಲ್ಲಿ ಜೋಳ, ನವಣೆ, ತೊಗರಿ, ಹುರುಳಿಗಳನ್ನು ಕೂಡಿಸಿ ಬಿತ್ತಿದರು, ಬೀಜವನ್ನು ಮನೆಯಲ್ಲೇ ಕಾಪಿಟ್ಟರು, ತಾವಾಗಿ ಹುಟ್ಟುವ ಸೊಪ್ಪುಗಳನ್ನು ಕಳೆಯೆಂದು ಕೀಳದೆ ಊಟವೆಂದು ಉಳಿಸಿಕೊಂಡರು. ವಿಷ ಹೊಡೆಯದ ಹೊಲವಾದುದರಿಂದ ಆ ಸೊಪ್ಪು ಉಣ್ಣಲು ಯೋಗ್ಯವಾಗಿ ಉಳಿಯಿತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಸಂದಿತು. ಪ್ರಶಸ್ತಿಯ ಮಾತು ಹಾಗಿರಲಿ. ಅಕ್ಷರ ಬಾರದ ತಾಯಂದಿರು ಹತ್ತಾರು ಬಗೆಯ ಸೊಪ್ಪನ್ನು ಹೆಸರು ಹಿಡಿದು ಗುರುತಿಸುತ್ತಾರೆ ಎಂಬುದೇ ನಮಗೆ ದೊಡ್ಡ ಪಾಠ. ನಮ್ಮ ಅಜ್ಜಿಯಂದಿರಿಗೂ ಈ ವಿದ್ಯೆ ಗೊತ್ತು. ಅವರು ಕಣ್ಮುಚ್ಚುವ ಮೊದಲು ಮೊಮ್ಮಕ್ಕಳು ಅದನ್ನು ಕೇಳಿಕೊಳ್ಳಬೇಕು.

ನೀರಿನ ಮಾತು. ಐವರು ಸ್ನಾನ ಮಾಡಿದ ಬಚ್ಚಲಿನಿಂದ, ತಲೆಗೊಂದು ಬಕೆಟ್ಟೆಂದರೂ, ದಿನಕ್ಕೆ ಎಪ್ಪತ್ತು ಎಂಬತ್ತು ಲೀಟರು ಹೊರಗೆ ಹರಿಯುತ್ತದೆ. ಅದು ಬೀದಿಗೆ ಹರಿದರೆ ಸೊಳ್ಳೆ, ಬೇರಿಗೆ ಹರಿದರೆ ಪಪ್ಪಾಯಿ. ಸಾಬೂನಿನ ನೀರನ್ನು ಬಾಳೆ, ನುಗ್ಗೆ, ಪಪ್ಪಾಯಿಯಂತಹ ಮರಗಳ ಬುಡಕ್ಕೆ ಬಿಡಬೇಕು. ಸೊಪ್ಪಿನ ಮಡಿಗೆ ಅಕ್ಕಿ ಬೇಳೆ ತರಕಾರಿ ತೊಳೆದ ನೀರು ಸಾಕು. ಮಡಿಯ ಮೇಲೆ ಒಣಹುಲ್ಲು ಹೊದಿಸಿದರೆ ಎರಡು ದಿನಕ್ಕೊಮ್ಮೆ ನೀರು ಕೊಟ್ಟರೂ ನಡೆಯುತ್ತದೆ.

ಬೆಳೆದರಷ್ಟೇ ಸಾಲದು. ಬಾಂಗ್ಲಾದೇಶದಲ್ಲಿ 1990ರ ಸುಮಾರಿನಿಂದ ಹೆಲೆನ್ ಕೆಲ್ಲರ್ ಹೆಸರಿನ ಸಂಸ್ಥೆಯವರು ಇರುಳುಗಣ್ಣನ್ನು ತಡೆಯಲು ಮನೆಮನೆಯ ತೋಟಗಳನ್ನು ಎಬ್ಬಿಸಿದರು. ಕಾಲಕ್ರಮದಲ್ಲಿ ಅವರು ತೋಟದ ಜೊತೆಗೆ ಕೋಳಿಯನ್ನೂ ಮಗುವಿಗೆ ಉಣಿಸುವ ತಿಳಿವಳಿಕೆಯನ್ನೂ ಸೇರಿಸಿದರು. ಏಕೆಂದರೆ ತೋಟದಲ್ಲಿದ್ದುದು ತಾನಾಗಿ ಮಗುವಿನ ಬಾಯಿಗೆ ಬಾರದು. ಮಾರುವ ಆಸೆ ಅಡ್ಡ ಬರುತ್ತದೆ, ಗಂಡಸರ ತಟ್ಟೆ ಅಡ್ಡ ಬರುತ್ತದೆ, ಅಡುಗೆಯ ಅಜ್ಞಾನ ಅಡ್ಡ ಬರುತ್ತದೆ.

ಅಡುಗೆಯ ಕೆಲವು ಸಂಗತಿಗಳನ್ನು ತಾಯಂದಿರು ಕ್ಷಮೆಯಿಟ್ಟು ಕೇಳಬೇಕು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದರೆ ಸತ್ತ್ವ ನೀರಿನ ಪಾಲು, ತೊಳೆದ ಮೇಲೆ ಹೆಚ್ಚಬೇಕು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು. ನಮ್ಮ ಹಿರಿಯರ ಬಸ್ಸಾರು ಇದೇ ವಿವೇಕದಿಂದ ಹುಟ್ಟಿದುದು. ಸೊಪ್ಪಿನಲ್ಲಿರುವ ಎ ಜೀವಸತ್ವದ ಮೂಲದ್ರವ್ಯ ಮೈಗೆ ಹತ್ತಬೇಕಾದರೆ ಎಣ್ಣೆ ಬೇಕು, ಒಂದು ಚಮಚೆ ಒಗ್ಗರಣೆಯಾದರೂ ಸಾಕು. ಸೊಪ್ಪು ಕಾಳುಗಳ ಕಬ್ಬಿಣಾಂಶಕ್ಕೆ ಹುಳಿ ಬೇಕು, ಊಟದ ಮೇಲೆ ಅರ್ಧ ಲಿಂಬೆ ಹಿಂಡಿದರೆ ಅದು ರಕ್ತಕ್ಕೆ ಸೇರುವುದು ಹೆಚ್ಚುತ್ತದೆ. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸ ಇದಕ್ಕೆ ತದ್ವಿರುದ್ಧ, ಚಹಾಕ್ಕೆ ಒಂದು ಗಂಟೆಯ ಅಂತರವಿರಲಿ. ಮಡಕೆ ಕಾಳು, ಹೆಸರು, ಹುರುಳಿಗಳನ್ನು ನೆನೆಸಿ ಮೊಳಕೆ ಕಟ್ಟಿದರೆ ಸಿ ಜೀವಸತ್ವ ಹುಟ್ಟುತ್ತದೆ. ಅಕ್ಕಿಯ ಕೊರತೆಯನ್ನು ಬೇಳೆ ತುಂಬುತ್ತದೆ, ಬೇಳೆಯ ಕೊರತೆಯನ್ನು ಅಕ್ಕಿ ತುಂಬುತ್ತದೆ. ನುಗ್ಗೆಸೊಪ್ಪನ್ನು ನೆರಳಲ್ಲಿ ಒಣಗಿಸಿ ಶೇಂಗಾ ಇಲ್ಲವೆ ಗುರೆಳ್ಳಿನ ಚಟ್ನಿಪುಡಿಯೊಡನೆ ಕುಟ್ಟಿಟ್ಟರೆ ಏಪ್ರಿಲ್ ಮೇ ತಿಂಗಳ ಬಿಸಿಲಲ್ಲೂ ಸೊಪ್ಪು ತಟ್ಟೆಯಲ್ಲಿರುತ್ತದೆ, ಮಕ್ಕಳೂ ಮುಖ ತಿರುವುವುದಿಲ್ಲ.

ಶಿಶುವಿನ ವಿಷಯದಲ್ಲಿ ನಮಗೆ ಹೆಚ್ಚಿನ ಚಿಂತೆಯಿದೆ. ಆರು ತಿಂಗಳು ತುಂಬಿದ ಮಗುವಿಗೆ ಮೊಲೆಹಾಲಿನೊಡನೆ ಬೇರೆ ಆಹಾರ ಆರಂಭವಾಗಲೇಬೇಕು. ಆಗ ನಮ್ಮ ಮನೆಗಳಲ್ಲಿ ಕೊಡುವುದೇನು? ಬೇಳೆಯ ಮೇಲಿನ ತಿಳಿನೀರು. ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಮೆತ್ತಗೆ ಬೆಂದ ಅನ್ನ, ಗಟ್ಟಿ ಬೇಳೆ, ಒಂದು ಹಿಡಿ ಸೊಪ್ಪು, ಅರ್ಧ ಚಮಚೆ ಎಣ್ಣೆ, ಎಲ್ಲವನ್ನೂ ನುಣ್ಣಗೆ ಕಿವುಚಿ ಚಮಚೆಯಿಂದ ಜಾರದಷ್ಟು ಗಟ್ಟಿಯಾಗಿ ಕೊಡಬೇಕು.

2022ರಿಂದ ಹಂತಹಂತವಾಗಿ ಪಡಿತರದ ಅಕ್ಕಿಯಲ್ಲಿ ನೂರಕ್ಕೊಂದರಂತೆ ಕಬ್ಬಿಣಾಂಶ ಸೇರಿಸಿದ ಕಾಳುಗಳನ್ನು ಬೆರೆಸಿ ಹಂಚಿದಾಗ, ಅದು ಪ್ಲಾಸ್ಟಿಕ್ ಅಕ್ಕಿಯೆಂಬ ಸುದ್ದಿ ಹಬ್ಬಿ, ಎಷ್ಟೋ ಗೃಹಿಣಿಯರು ಮೊರದಲ್ಲಿ ಆರಿಸಿ ಆರಿಸಿ ಅವನ್ನೇ ಎಸೆದರು. ತಿಳಿಸಿ ಹೇಳುವವರಿಲ್ಲದ ಕೊಡುಗೆಯ ಗತಿ ಅದು. ಹಾಗೆಯೇ ಸೊಪ್ಪಿನಿಂದಲೇ ಎಲ್ಲವೂ ಆಗುವುದೆಂಬ ಭ್ರಮೆಯೂ ಬೇಡ. ಸೊಪ್ಪಿನ ಕಬ್ಬಿಣಾಂಶದಲ್ಲಿ ದೇಹಕ್ಕೆ ಸೇರುವುದು ಅಲ್ಪ ಭಾಗ ಮಾತ್ರ. ಗರ್ಭಿಣಿಗೆ, ತೀವ್ರ ರಕ್ತಹೀನತೆಯವರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆಯೇ ಬೇಕು. ಮಾತ್ರೆ ಕಪ್ಪು ಮಲ ಮಾಡುತ್ತದೆಂದು ಹೆದರಿ ಗೂಡಿನಲ್ಲಿಟ್ಟು ಮರೆಯಬಾರದು.

ಈಗ ಗಂಡಸರಿಗೆ ಒಂದೆರಡು ಮಾತು. ಹೊಲದಿಂದ ಇಬ್ಬರೂ ಒಟ್ಟಿಗೇ ಮರಳುತ್ತೀರಿ. ನೀವು ಕಟ್ಟೆಯ ಮೇಲೆ ಕೂರುತ್ತೀರಿ, ಆಕೆ ಒಲೆಯ ಮುಂದೆ ಕೂರುತ್ತಾಳೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದುದು ಆಕೆಯದು. ಪಲ್ಯ ಉಳಿಯದಿದ್ದರೆ ಉಪ್ಪು ಖಾರ. ಮನೆಯಲ್ಲಿ ಅತಿ ಹೆಚ್ಚು ಕಬ್ಬಿಣಾಂಶ ಬೇಕಾದವಳ ತಟ್ಟೆಗೆ ಅತಿ ಕಡಿಮೆ ಬೀಳುವ ಈ ಪದ್ಧತಿಗೆ ಯಾವ ಧರ್ಮಶಾಸ್ತ್ರದ ಆಧಾರವೂ ಇಲ್ಲ. ಕೈತೋಟವೂ ಆಕೆಯ ಹೆಗಲಿಗೇ ಏರಿದರೆ ನಾವು ಉಪಕಾರ ಮಾಡಲು ಹೋಗಿ ಹೊರೆ ಹೊರಿಸಿದಂತಾಗುವುದು. ಮಡಿ ಅಗೆಯುವುದು, ಬೇಲಿ ಕಟ್ಟುವುದು, ಗೊಬ್ಬರ ತರುವುದು ನಿಮ್ಮ ಪಾಲಿನದಾಗಿರಲಿ. ರಾತ್ರಿಯ ಊಟ ಎಲ್ಲರೂ ಒಟ್ಟಿಗೇ ಕುಳಿತು ಆಗಲಿ. ಒಟ್ಟಿಗೇ ಕುಳಿತಾಗ ಯಾರ ತಟ್ಟೆಯಲ್ಲಿ ಏನಿಲ್ಲವೆಂಬುದು ಎಲ್ಲರಿಗೂ ಕಾಣುತ್ತದೆ.

ಕೊನೆಯದಾಗಿ ಧರ್ಮಕೇಂದ್ರದ ಹಿರಿಯರ ಮುಂದೆ ನಮ್ಮ ಬೇಡಿಕೆ. ದೇವಾಲಯದ ಹಿಂಭಾಗದ ಆವರಣದಲ್ಲಿ ಬರಿದೆ ಬಿದ್ದಿರುವ ನೆಲವಿದೆ. ಅದನ್ನು ಹಿತ್ತಿಲಿಲ್ಲದ ಕುಟುಂಬಗಳಿಗೆ ಹತ್ತಡಿ ಹತ್ತಡಿಯ ಮಡಿಗಳಾಗಿ ಹಂಚಿಕೊಡಬೇಕು. ನೆಲ ಧರ್ಮಕೇಂದ್ರದ್ದೇ ಆಗಿರಲಿ, ಬೆಳೆ ಬೆಳೆದವರದಾಗಿರಲಿ. ಮಡಿ ಕೊಡುವಾಗ ಮತಭೇದವನ್ನು ಎಣಿಸಬಾರದೆಂಬುದೂ ನಮ್ಮ ಅಭಿಪ್ರಾಯ, ರಕ್ತಹೀನತೆ ಮತವನ್ನು ಕೇಳಿ ಬರುವುದಿಲ್ಲ. ಶತಮಾನೋತ್ಸವದ ಸ್ಮಾರಕವಾಗಿ ಅಮೃತಶಿಲೆಯ ಫಲಕವೊಂದನ್ನು ನಿಲ್ಲಿಸುವ ಯೋಚನೆಯಿದೆಯೆಂದು ಕೇಳಿದ್ದೇವೆ. ಅದರ ವೆಚ್ಚದ ಒಂದು ಪಾಲು ಬೇಲಿಗೂ ನೀರಿನ ತೊಟ್ಟಿಗೂ ಹೋದರೆ ನೂರು ವರ್ಷ ಕಳೆದ ಹಿರಿಯರು ಬೇಸರಪಡಲಾರರು. ಬೀಜ ಹಂಚುವುದಕ್ಕೆ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನವೇ ಪ್ರಶಸ್ತ. ಕರಾವಳಿಯ ನಮ್ಮ ಬಂಧುಗಳು ಅಂದು ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಬಗೆಬಗೆಯ ತರಕಾರಿಯ ಊಟ ಮಾಡುತ್ತಾರೆ. ನಮ್ಮ ಕಡೆ ಹಿಂಗಾರಿನ ಬಿತ್ತನೆಗೆ ಅದೇ ಕಾಲ, ಸರ್ಕಾರದವರು ಪೋಷಣ ಮಾಸವನ್ನು ಆಚರಿಸುವುದೂ ಸೆಪ್ಟೆಂಬರಿನಲ್ಲೇ. ಬೀಜ, ಸಸಿಗಳ ವಿಷಯದಲ್ಲಿ ಹಗರಿಯ ಕೇಂದ್ರದವರನ್ನೂ ತೋಟಗಾರಿಕೆ ಇಲಾಖೆಯವರನ್ನೂ ವಿಚಾರಿಸುವ ಹೊಣೆ ನಮ್ಮದು.

ಇತ್ಯರ್ಥವಾಗಬೇಕಾಗಿರುವುದು ಬೇಸಗೆಯ ನೀರು. ಮಾರ್ಚಿಯಿಂದ ಮೇವರೆಗೆ ಆವರಣದ ಕೊಳವೆಬಾವಿಯಲ್ಲಿ ದಿನಕ್ಕೆ ಎಷ್ಟು ಹೊತ್ತು ನೀರು ಏಳುತ್ತದೆ, ಅದರಲ್ಲಿ ಶಾಲೆಗೂ ಗುರುಮನೆಗೂ ಕಳೆದು ಮಡಿಗಳಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಳೆದು ನೋಡಿದ ಮೇಲೆಯೇ ಮಡಿಗಳ ಸಂಖ್ಯೆಯನ್ನು ನಿಶ್ಚಯಿಸತಕ್ಕದ್ದು. ಹತ್ತು ಮಡಿಗಳಿಗೆ ಮಾತ್ರ ಸಾಕೆಂದಾದರೆ ಹತ್ತರಿಂದಲೇ ಆರಂಭಿಸೋಣ. ಮೊದಲ ಪಾಳಿಯಲ್ಲಿ ಮೊಲೆಯುಣ್ಣುವ ಮಗುವಿರುವ, ಹಿತ್ತಿಲಿಲ್ಲದ ಮನೆಗಳಿಗೆ ಕೊಡಬೇಕೆಂದು ನಮ್ಮ ಸೂಚನೆ. ಈ ಬಗ್ಗೆ ಹೆಸರು ಕೊಡಬೇಕೆಂದಿರುವವರು ಇಂದಿನ ಊಟವಾದ ಮೇಲೆ ಶಾಲೆಯ ಜಗುಲಿಯಲ್ಲಿ ನಮ್ಮನ್ನು ಕಾಣಬಹುದು.